ನೆಂಟರು ಬರುವ ಮೊದಲು ಪೇಂಟ್ ವಾಸನೆ ಹೊರಹಾಕುವುದು ಹೇಗೆ?

ಕೋಣೆಯಲ್ಲಿ ಮೂಗಿಗೆ ಹೊಡೆಯುತ್ತಿರುವುದು ಗೋಡೆಯೋ ಬಾಗಿಲೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಗೋಡೆಗೆ ಬಳಿಯುವ ಎಮಲ್ಷನ್ ನೀರಿನಲ್ಲಿ ಕಲಸುವ ಬಣ್ಣ. ಗಾಳಿ ಚೆನ್ನಾಗಿ ಆಡಿದರೆ ಅದರ ವಾಸನೆ ಎರಡು-ಮೂರು ದಿನದಲ್ಲಿ ಬಹುಪಾಲು ಇಳಿಯುತ್ತದೆ. ಬಾಗಿಲು, ಕಿಟಕಿ, ಗ್ರಿಲ್‌ಗೆ ಹಚ್ಚುವ ಎನಾಮಲ್, ಅಂದರೆ ಆಯಿಲ್ ಪೇಂಟ್, ಹಾಗಲ್ಲ. ಅದರ ಟರ್ಪೆಂಟೈನ್ ಆರಿಹೋದ ಮೇಲೂ ಎಣ್ಣೆಯ ಅಂಶ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತಲೇ ಇರುತ್ತದೆ. ಮುಟ್ಟಿದರೆ ಅಂಟದ ಬಾಗಿಲೂ ದಿನಗಟ್ಟಲೆ ವಾಸನೆ ಬಿಡುವುದು ಇದಕ್ಕೇ. ಪೇಂಟರ್‌ಗಳು ಬಾಗಿಲು-ಕಿಟಕಿಯನ್ನು ಸಾಮಾನ್ಯವಾಗಿ ಕಡೆಗೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಆ ಕೆಲಸ ನೆಂಟರು ಬರಲು ಒಂದು ವಾರ ಇರುವಾಗಲೇ ಮುಗಿಯಬೇಕೆಂದು ಮೊದಲೇ ಮಾತಾಡಿಕೊಳ್ಳಿ.

1. ವಾಸನೆಯ ಮೂಲ ಆಚೆಗಿಡಿ. ಉಳಿದ ಪೇಂಟ್ ಡಬ್ಬ, ಬ್ರಷ್ ನೆನೆಸಿದ ಥಿನ್ನರ್, ಒರೆಸಿದ ಬಟ್ಟೆ ಎಲ್ಲವೂ ಕೋಣೆಯಿಂದ ಹೊರಹೋಗಲಿ. ಆಯಿಲ್ ಪೇಂಟ್ ಅಥವಾ ಎಣ್ಣೆ ಪಾಲಿಷ್ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೊಳಗೇ ಬಿಸಿಯೇರಿ ಬೆಂಕಿ ಹತ್ತುವ ಅಪಾಯವಿದೆ. ಹೊರಗೆ ಬಿಡಿಬಿಡಿಯಾಗಿ ಹರವಿ ಒಣಗಿಸಿ. ಹಾಸಿಗೆ, ದಿಂಬು, ಪರದೆ ವಾಸನೆ ಹೀರಿಕೊಳ್ಳುವುದರಿಂದ ಅವನ್ನು ಹಿಂದಿನ ದಿನದವರೆಗೂ ಒಳಗೆ ತರಬೇಡಿ.

2. ಗಾಳಿಗೆ ದಾರಿ ಮಾಡಿ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಹೆಚ್ಚಿನವರು ತಪ್ಪುವುದೂ ಇಲ್ಲೇ. ಸೀಲಿಂಗ್ ಫ್ಯಾನ್ ಒಂದನ್ನೇ ಹಾಕಿದರೆ ಅದೇ ಗಾಳಿ ಒಳಗೇ ಸುತ್ತುತ್ತದೆ. ಟೇಬಲ್ ಫ್ಯಾನನ್ನು ಕಿಟಕಿಯಿಂದ ಒಂದೆರಡು ಅಡಿ ಈಚೆ, ಹೊರಗೆ ಮುಖ ಮಾಡಿ ಇಡಿ. ಎದುರು ಬದಿಯ ಬಾಗಿಲು ಅಥವಾ ಕಿಟಕಿ ತೆರೆದಿರಲಿ. ಫ್ಯಾನ್ ಪಕ್ಕದ ಇನ್ನೊಂದು ಕಿಟಕಿಯನ್ನು ಮುಚ್ಚಿ, ಇಲ್ಲದಿದ್ದರೆ ಹೊರಗಿನ ಗಾಳಿ ಅಲ್ಲಿಂದಲೇ ನುಗ್ಗಿ ಅಲ್ಲಿಂದಲೇ ಹೋಗುತ್ತದೆ, ಕೋಣೆಯ ಆಚೆ ಮೂಲೆ ಹಾಗೇ ಉಳಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಬಾಗಿಲ ಬಳಿ ತೆಳು ಕಾಗದದ ಪಟ್ಟಿಯೊಂದನ್ನು ಇಳಿಬಿಡಿ. ಅದು ಕೋಣೆಯ ಒಳಕ್ಕೆ ಬಾಗಬೇಕು. ಹೊರಕ್ಕೆ ಬಾಗಿದರೆ ವಾಸನೆ ಇಡೀ ಮನೆಗೆ ಹರಡುತ್ತಿದೆ ಎಂದರ್ಥ. ಎನಾಮಲ್ ಇನ್ನೂ ಅಂಟುತ್ತಿದ್ದರೆ ಮಾತ್ರ ಫ್ಯಾನ್ ಹಾಕಲು ಕಾಯಿರಿ. ಧೂಳು ಹಾರಿ ಬಣ್ಣಕ್ಕೆ ಕೂತರೆ ಮತ್ತೆ ತೆಗೆಯಲಾಗದು. ಅಂಟು ಹೋಗುವವರೆಗೆ, ಐದಾರು ಗಂಟೆ, ಬರೀ ಕಿಟಕಿ ತೆರೆದಿಟ್ಟರೆ ಸಾಕು.

3. ಬಿಸಿಲನ್ನು ಬಳಸಿ. ಬಣ್ಣ ಮುಟ್ಟಲು ಒಣಗಿದ ಮೇಲೆ, ಮಧ್ಯಾಹ್ನ ಒಂದು ಗಂಟೆ ಕಿಟಕಿ ಮುಚ್ಚಿ ಕೋಣೆ ಕಾಯಲು ಬಿಡಿ, ಯಾರೂ ಒಳಗಿರಬಾರದು. ಬಿಸಿಗೆ ವಾಸನೆ ಬೇಗ ಹೊರಬರುತ್ತದೆ. ಆಮೇಲೆ ಎಲ್ಲ ತೆರೆದು ಎರಡು ಗಂಟೆ ಫ್ಯಾನ್ ಓಡಿಸಿ. ಗೌರಿ-ಗಣೇಶದ ಹೊತ್ತಿಗೆ ಮಳೆ ಹಿಡಿದಿದ್ದರೆ ಈ ಉಪಾಯ ನಡೆಯದು, ಒಣಗುವುದೂ ನಿಧಾನ. ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ.

4. ಕಪಾಟು ತೆರೆಯಿರಿ. ಗೋಡೆ ಕಪಾಟಿನ ಒಳಗೂ ಆಯಿಲ್ ಪೇಂಟ್ ಬಳಿದಿದ್ದರೆ, ಬಾಗಿಲು ಮುಚ್ಚಿದಷ್ಟು ದಿನ ಅದು ಒಣಗುವುದು ಬಹಳ ನಿಧಾನ. ಡ್ರಾಯರ್‌ಗಳನ್ನು ಪೂರ್ತಿ ಹೊರಗೆಳೆದಿಡಿ. ಬಣ್ಣ ದಪ್ಪಗೆ ಕೂತ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯಾಗಿದೆ. ನೆಂಟರ ಬಟ್ಟೆ ಅಲ್ಲಿಡಬೇಡಿ.

ಈರುಳ್ಳಿ, ನಿಂಬೆಹಣ್ಣು, ಉಪ್ಪುನೀರಿನ ಬಟ್ಟಲುಗಳಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಸಕ್ರಿಯ ಇದ್ದಿಲು, ಅಂದರೆ ಆಕ್ಟಿವೇಟೆಡ್ ಚಾರ್ಕೋಲ್, ವಾಸನೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಅರ್ಧ ಕಿಲೋವನ್ನು ಅಗಲ ತಟ್ಟೆಯಲ್ಲಿ ಹರವಿ ಮುಚ್ಚಿದ ಕಪಾಟಿನಲ್ಲಿಟ್ಟರೆ ಉಪಯೋಗಕ್ಕೆ ಬಂದೀತು, ತೆರೆದ ಕೋಣೆಗೆ ಸಾಲದು. ಅಗರಬತ್ತಿ, ಸಾಂಬ್ರಾಣಿ ವಾಸನೆಯನ್ನು ಮುಚ್ಚುತ್ತವೆ ಅಷ್ಟೇ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಸಾಮಾನ್ಯ ಎ.ಸಿ. ಒಳಗಿನ ಗಾಳಿಯನ್ನೇ ತಣಿಸುತ್ತದೆ, ಹೊರಗೆ ಹಾಕುವುದಿಲ್ಲ.

ಹಿಂದಿನ ದಿನ ನೆಲ, ಕಿಟಕಿ ಹಳಿ ಒರೆಸಿ, ಕೋಣೆಯನ್ನು ಎರಡು ಗಂಟೆ ಮುಚ್ಚಿಡಿ. ಆಮೇಲೆ ಪಕ್ಕದ ಮನೆಯವರನ್ನು ಕರೆದು ಮೂಸಿ ನೋಡಲು ಹೇಳಿ. ಮನೆಯವರ ಮೂಗು ಅಷ್ಟರಲ್ಲಿ ಒಗ್ಗಿಹೋಗಿರುತ್ತದೆ. ಇನ್ನೂ ಘಾಟು ಇದ್ದರೆ ಎಳೆಮಕ್ಕಳು, ಬಸುರಿಯರು, ಉಬ್ಬಸ ಇರುವವರಿಗೆ ಬೇರೆ ಕೋಣೆಯಲ್ಲಿ ಹಾಸಿಗೆ ಹಾಸಿ.

ವಾರ ಕಳೆದರೂ ಗೋಡೆಯಿಂದ ಹುಳಿ ಅಥವಾ ಕೊಳೆತ ವಾಸನೆ ಬರುತ್ತಿದ್ದರೆ ಹಳೇ ಡಬ್ಬದ ಕೆಟ್ಟ ಎಮಲ್ಷನ್ ಬಳಿದಿರಬಹುದು, ಇಲ್ಲವೇ ಗೋಡೆಗೆ ತೇವ ಇಳಿಯುತ್ತಿರಬಹುದು. ಅದಕ್ಕೆ ಫ್ಯಾನ್ ಮದ್ದಲ್ಲ. ಪೇಂಟರ್‌ನನ್ನೇ ಕರೆಸಿ ತೋರಿಸಿ.