ಮೊದಲು ಬ್ರೌನ್ ಪೇಪರ್, ಅದರ ಪಕ್ಕದಲ್ಲೇ ಕಂಪ್ಯೂಟರ್

ಫ್ಯಾಷನ್ ಡಿಸೈನ್ ಮಕ್ಕಳಿಗೆ ಪ್ಯಾಟರ್ನ್ ಮೇಕಿಂಗ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ನಕ್ಷೆ ಬರೆಯುವುದನ್ನು ಕಲಿಸಲು ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಒಂದು ಸೆಮಿಸ್ಟರ್ ಕೈಕೆಲಸ, ಮುಂದಿನ ಸೆಮಿಸ್ಟರ್ ಕಂಪ್ಯೂಟರ್ ಅಂತ ಇಟ್ಟುಕೊಂಡಿದ್ದೆ. ಲ್ಯಾಬಿಗೆ ಹೋದ ಕೂಡಲೇ ಮಕ್ಕಳು ಟೇಪನ್ನೇ ಮರೆತುಬಿಡುತ್ತಿದ್ದರು.

ಒಂದು ಸಲ ಒಬ್ಬ ಹುಡುಗಿ 36 ಇಂಚಿನ ಎದೆ ಸುತ್ತಳತೆಗೆ 2 ಇಂಚು ಲೂಸ್ ಸೇರಿಸಿ ಬಾಡಿಸ್ ಬ್ಲಾಕ್ (ಭುಜದಿಂದ ಸೊಂಟದವರೆಗಿನ ಮೂಲ ಪ್ಯಾಟರ್ನ್) ಮಾಡಿದಳು. ಪರದೆ ಮೇಲೆ ಎಲ್ಲ ಸರಿಯಾಗಿತ್ತು. ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಅಂಟಿಸಿ, ಕೋರಾ ಬಟ್ಟೆಯಲ್ಲಿ ಹೊಲಿದು ತಂದಳು. ಡಮ್ಮಿಗೆ ಹಾಕಿದರೆ ಬಿಗಿಯೋ ಬಿಗಿ, ಸೊಂಟದ ಗೆರೆ ಬೇರೆ ಮುಕ್ಕಾಲು ಇಂಚು ಮೇಲೆ! ಡಾರ್ಟ್ (ಮೈಗೆ ಹೊಂದಲು ಬಟ್ಟೆಯನ್ನು ಮಡಿಸಿ ಹೊಲಿಯುವ ಜಾಗ) ತಪ್ಪಾಯ್ತಾ ಅಂತ ಅರ್ಧ ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ ಪ್ರಿಂಟರ್ ಎಲ್ಲವನ್ನೂ ಹಾಳೆಗೆ ಹೊಂದಿಸಲು 95 ಪರ್ಸೆಂಟಿಗೆ ಇಳಿಸಿತ್ತು. 38 ಇಂಚು 36 ಆಗಿತ್ತು, ಹಾಕಿದ್ದ ಲೂಸೆಲ್ಲ ಅಲ್ಲೇ ಮಾಯ. ಪರದೆಯಲ್ಲಿ ಜೂಮ್ ಮಾಡಿದರೆ 2 ಇಂಚೂ ಒಂದೇ, 4 ಇಂಚೂ ಒಂದೇ ಅಲ್ವಾ, ಕಣ್ಣಿಗೆ ಗೊತ್ತಾಗೋದು ಹೇಗೆ?

ಅವತ್ತಿನಿಂದ ಎರಡನ್ನೂ ಒಟ್ಟಿಗೇ ಮಾಡಿಸುತ್ತೇನೆ. ಬೆಳಿಗ್ಗೆ ಬ್ರೌನ್ ಪೇಪರಿನಲ್ಲಿ ಬರೆದದ್ದನ್ನೇ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಬರೆಯಬೇಕು. ಮೂಲೆಯಲ್ಲಿ 2 ಇಂಚಿನ ಚೌಕ ಹಾಕಿ, ಪ್ರಿಂಟ್ ಬಂದ ತಕ್ಷಣ ಅದನ್ನು ಟೇಪಿನಲ್ಲಿ ಅಳೆಯಬೇಕು. ಆಮೇಲೆ ಎರಡು ಹಾಳೆಗಳನ್ನೂ ಸೇರಿಸಿ ಕಿಟಕಿ ಗಾಜಿಗೆ ಹಿಡಿದು ನೋಡುತ್ತೇವೆ.

ಗ್ರೇಡಿಂಗ್‌ಗೆ, ಅಂದರೆ ಒಂದೇ ಪ್ಯಾಟರ್ನನ್ನು ಬೇರೆ ಬೇರೆ ಸೈಜಿಗೆ ಹಿಗ್ಗಿಸಿ ಕುಗ್ಗಿಸುವುದಕ್ಕೆ ಮಾತ್ರ ಕಂಪ್ಯೂಟರೇ ಸರಿ, ಐದು ಸೈಜನ್ನು ಕೈಯಲ್ಲಿ ಮಾಡೋದು ಸುಮ್ನೆ ಸೊಂಟನೋವು. ಆದರೂ ಒಂದು ಸೈಜನ್ನು ಕೈಯಲ್ಲಿ ಮಾಡಿಸಿಯೇ ಬಿಡುತ್ತೇನೆ. ಸುತ್ತಳತೆ 2 ಇಂಚು ಹೆಚ್ಚಿದರೆ ಕಾಲು ಭಾಗದ ಪ್ಯಾಟರ್ನಿಗೆ ಅರ್ಧ ಇಂಚು. ಅದನ್ನು ಪೂರ್ತಿ ಪಕ್ಕದ ಹೊಲಿಗೆಗೇ ಹಾಕಿದರೆ ಭುಜ ಹಳೇ ಸೈಜಿನಲ್ಲೇ ಉಳಿಯುತ್ತದೆ. ಕಂಪ್ಯೂಟರ್ ಅದನ್ನೂ ಬೇಡ ಅನ್ನೋದಿಲ್ಲ, ಹೇಳಿದಷ್ಟು ಮಾಡುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ವರ್ಷ ಒಬ್ಬ ಹುಡುಗ ನನ್ನದೇ ರಟ್ಟಿನ ಬ್ಲಾಕನ್ನು ಕಂಪ್ಯೂಟರಿಗೆ ಹಾಕಿ, "ಮೇಡಂ, ಸಮ ಇರಬೇಕಾದ ಮುಂಭಾಗದ ಪಕ್ಕದ ಹೊಲಿಗೆಗೂ ಹಿಂಭಾಗದ ಪಕ್ಕದ ಹೊಲಿಗೆಗೂ ಕಾಲು ಇಂಚು ವ್ಯತ್ಯಾಸ ಬರ್ತಿದೆ" ಅಂದ. ಟೇಪು ಹಿಡಿದು ಎರಡು ಸಲ ಅಳೆದೆ. ಅವನು ಹೇಳಿದ್ದೇ ಸರಿ. ಆ ರಟ್ಟನ್ನು ಎಷ್ಟು ಬ್ಯಾಚಿಗೆ ಕೊಟ್ಟಿದ್ದೇನೋ, ಲೆಕ್ಕ ಇಟ್ಟಿಲ್ಲ.