ಕರ್ನಲ್ ಅಪ್‌ಡೇಟ್ ಆದ ಮೇಲೆ ವರ್ಚುವಲ್‌ಬಾಕ್ಸ್ ಓಡದಿದ್ದಾಗ

ಬಿಡಿಭಾಗ ತಂದು ಜೋಡಿಸಿದ, ಎಎಂಡಿಯ ರೈಜನ್ ಪ್ರೊಸೆಸರ್ ಇರುವ ಕಂಪ್ಯೂಟರ್. ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು 6.12ಕ್ಕೆ ಏರಿಸಿದ ಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ವಿಎಂ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಕೂಡ ಏಳಲಿಲ್ಲ. ಪರದೆಯ ಮೇಲೆ ‘ವಿಇಆರ್‌ಆರ್_ಎಸ್‌ವಿಎಂ_ಇನ್_ಯೂಸ್’. ಎಸ್‌ವಿಎಂ ಅಂದರೆ ವಿಎಂ ಓಡಿಸಲು ಎಎಂಡಿ ಪ್ರೊಸೆಸರ್‌ನಲ್ಲಿರುವ ಸೌಲಭ್ಯ. ಅದು ಆಫ್ ಆಗಿದೆಯೇನೋ ಅಂತ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ತಡಕಾಡಬೇಡಿ. ‘ಇನ್ ಯೂಸ್’ ಅಂದರೆ ಎಸ್‌ವಿಎಂ ಆನ್ ಇದೆ, ಬೇರೆ ಯಾವುದೋ ಹಿಡಿದುಕೊಂಡಿದೆ ಅಂತಲೇ ಅರ್ಥ. ಹಿಡಿದಿದ್ದು ಕೆವಿಎಂ, ಅಂದರೆ ವಿಎಂ ಓಡಿಸಲು ಲಿನಕ್ಸ್ ಕರ್ನಲ್‌ನಲ್ಲೇ ಇರುವ ಮಾಡ್ಯೂಲ್ (ಬೇಕಾದಾಗ ಸೇರಿಸಿ ತೆಗೆಯಬಹುದಾದ ಭಾಗ). ಮೊದಲು ತನ್ನದೇ ವಿಎಂ ಶುರುವಾದಾಗ ಮಾತ್ರ ಅದು ಎಸ್‌ವಿಎಂ ತೆಗೆದುಕೊಳ್ಳುತ್ತಿತ್ತು, 6.12ರಿಂದ ಮಾಡ್ಯೂಲ್ ಲೋಡ್ ಆದ ಕೂಡಲೇ ಹಿಡಿಯುತ್ತದೆ.

‘ಸುಡೊ ಮಾಡ್‌ಪ್ರೋಬ್ -ಆರ್ ಕೆವಿಎಂ_ಎಎಂಡಿ’ ಕೊಟ್ಟು ಆ ಮಾಡ್ಯೂಲ್ ತೆಗೆದೆ, ವಿಎಂ ತಕ್ಷಣ ಓಡಿತು. ರೀಬೂಟ್ ಆದರೆ ಮತ್ತೆ ಅದೇ ಕಥೆ. ಹಾಗಾಗಿ ಗ್ರಬ್ (ಲಿನಕ್ಸ್ ಅನ್ನು ಬೂಟ್ ಮಾಡುವ ಪ್ರೋಗ್ರಾಂ) ಕಡತದ ಕರ್ನಲ್ ಸಾಲಿಗೆ, ಲೋಡ್ ಆದ ಕೂಡಲೇ ಎಸ್‌ವಿಎಂ ಹಿಡಿಯಬೇಡ ಅಂತ ಹೇಳುವ ‘ಕೆವಿಎಂ.ಎನೇಬಲ್_ವಿರ್ಟ್_ಅಟ್_ಲೋಡ್=0’ ಸೇರಿಸಿ, ‘ಅಪ್‌ಡೇಟ್-ಗ್ರಬ್’ ಕೊಟ್ಟು ರೀಬೂಟ್ ಮಾಡಿದೆ. ಕೆವಿಎಂ ಅನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ ಲೋಡ್ ಆಗದಂತೆ ತಡೆಯುವುದಕ್ಕಿಂತ ಇದೇ ಒಳ್ಳೆಯದು: ಬೇಕಾದಾಗ ಕೆವಿಎಂ ಕೂಡ ಕೈಗೆ ಸಿಗುತ್ತದೆ, ಎರಡನ್ನೂ ಒಟ್ಟಿಗೆ ಓಡಿಸದಿದ್ದರೆ ಆಯಿತು.