ಬೇಕಾದ ದಾಖಲೆಗಳಷ್ಟನ್ನೇ ಎಕ್ಸ್‌ಪೋರ್ಟ್ ಮಾಡುವುದು ಹೇಗೆ?

ಆನ್‌ಲೈನ್ ಪುಸ್ತಕ ಮಳಿಗೆಯೊಂದರ ಆರ್ಡರ್‌ಗಳೆಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿವೆ ಎಂದುಕೊಳ್ಳಿ. ಅವುಗಳಲ್ಲಿ 2025ರ ಏಪ್ರಿಲ್‌ನಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಬಂದು ಇನ್ನೂ ರವಾನೆಯಾಗದವು ಮಾತ್ರ ಎಕ್ಸೆಲ್‌ಗೆ ಬೇಕು. ಡೇಟಾಬೇಸ್ ನಿರ್ವಹಿಸಲು ಬ್ರೌಸರ್‌ನಲ್ಲೇ ತೆರೆಯುವ ಪಿಎಚ್‌ಪಿಮೈಅಡ್ಮಿನ್ ಎಂಬ ಸಾಧನದಲ್ಲಿ ಕೋಡ್ ಬರೆಯದೆಯೇ ಇದನ್ನು ಮಾಡಬಹುದು. ಆದರೆ ಒಂದು ಎಚ್ಚರಿಕೆ: ಫಿಲ್ಟರ್ ತಪ್ಪಿದರೆ ಎರರ್ ಬರುವುದಿಲ್ಲ. ಕೆಲವು ದಾಖಲೆ ಬಿಟ್ಟುಹೋದ ಫೈಲೇ ಸದ್ದಿಲ್ಲದೆ ಡೌನ್‌ಲೋಡ್ ಆಗುತ್ತದೆ.

ಎಡಗಡೆಯ ಪಟ್ಟಿಯಲ್ಲಿ ಆರ್ಡರ್ ಟೇಬಲ್ ಆರಿಸಿ, ಮೇಲಿನ 'ಸರ್ಚ್' ಟ್ಯಾಬ್ ಒತ್ತಿ. ಪ್ರತಿ ಕಾಲಂ ಎದುರು ಆಪರೇಟರ್ (ಹೇಗೆ ಹೋಲಿಸಬೇಕೆಂಬ ಆಯ್ಕೆ) ಮತ್ತು ಮೌಲ್ಯ ತುಂಬುವ ಜಾಗವಿರುತ್ತದೆ. ಬೇರೆ ಬೇರೆ ಕಾಲಂಗಳಿಗೆ ಹಾಕಿದ ಷರತ್ತುಗಳೆಲ್ಲ ಒಟ್ಟಿಗೆ ಅನ್ವಯಿಸುತ್ತವೆ. ಒಂದೇ ಕಾಲಂನಲ್ಲಿ ಇದು ಅಥವಾ ಅದು ಬೇಕಿದ್ದರೆ 'ಇನ್' ಆಪರೇಟರ್ ಆರಿಸಿ, ಮೌಲ್ಯಗಳ ನಡುವೆ ಅಲ್ಪವಿರಾಮ ಹಾಕಿ.

ಜಿಲ್ಲೆಯ ಹೆಸರಲ್ಲೇ ಮೊದಲ ತೊಡಕು. ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು. ಹಳೆಯ ಗ್ರಾಹಕರ ವಿಳಾಸದಲ್ಲಿ ಹಳೆಯ ಹೆಸರೇ ಉಳಿದಿರಬಹುದು, ಎರಡನ್ನೂ ಸೇರಿಸಿ.

ದಿನಾಂಕದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕಾಲಂನಲ್ಲಿ ಸಮಯವೂ ಇದ್ದರೆ, 'ಬಿಟ್ವೀನ್' ಆರಿಸಿ 2025-04-30ಕ್ಕೆ ನಿಲ್ಲಿಸಿದಾಗ ಆ ದಿನದ ಆರಂಭದ ಕ್ಷಣಕ್ಕೇ ಎಣಿಕೆ ಮುಗಿಯುತ್ತದೆ. 30ರಂದು ಹಗಲು ಬಂದ ಆರ್ಡರ್‌ಗಳೆಲ್ಲ ಹೊರಗೆ. ಕೊನೆಯನ್ನು 2025-04-30 23:59:59 ಎಂದು ಪೂರ್ತಿ ಬರೆಯಿರಿ. ಆ್ಯಪ್ ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ದಾಖಲಿಸುತ್ತಿದ್ದರೆ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಆಗ 2025-03-31 18:30:00ರಿಂದ 2025-04-30 18:29:59ರವರೆಗೆ ಕೇಳಬೇಕು.

ರವಾನೆಯಾಗದವನ್ನು ಹುಡುಕಲು, ಸ್ಥಿತಿಯ ಕಾಲಂನಲ್ಲಿ 'ರವಾನೆಯಾಗಿದೆ' ಎಂಬುದಕ್ಕೆ ಸಮವಲ್ಲದವು ಎಂದು ಕೇಳುವುದು ರೂಢಿ. ಅಲ್ಲಿ ಏನೂ ತುಂಬದೆ 'ನಲ್' ಆಗಿ ಉಳಿದ ದಾಖಲೆಗಳು ಹೀಗೆ ಕೇಳಿದರೆ ಸಿಗುವುದಿಲ್ಲ. ಏಕೆಂದರೆ ನಲ್ ಅನ್ನು ಯಾವುದರೊಂದಿಗೆ ಹೋಲಿಸಿದರೂ ಡೇಟಾಬೇಸ್ ಹೌದು ಎನ್ನುವುದಿಲ್ಲ. ರವಾನೆ ದಿನಾಂಕದ ಕಾಲಂ ಇದ್ದರೆ, ಅದಕ್ಕೆ 'ಈಸ್ ನಲ್' ಆರಿಸುವುದೇ ವಾಸಿ.

'ಆಪ್ಷನ್ಸ್' ತೆರೆದು ಬೇಕಾದ ಕಾಲಂಗಳನ್ನಷ್ಟೇ ಗುರುತಿಸಿ. ಪ್ಯಾಕಿಂಗ್ ಮಾಡುವವರಿಗೆ ಗ್ರಾಹಕರ ಇಮೇಲ್, ಪಾವತಿ ವಿವರ ಯಾಕೆ? ಆಮೇಲೆ 'ಗೋ' ಒತ್ತಿ, ಫಲಿತಾಂಶದ ಮೇಲ್ಗಡೆ ಕಾಣುವ ಒಟ್ಟು ಸಾಲುಗಳ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲಿ. ಪುಟದ ಮೇಲಿರುವ 'ಎಕ್ಸ್‌ಪೋರ್ಟ್' ಟ್ಯಾಬ್ ಇಡೀ ಟೇಬಲ್ಲನ್ನೇ ಕೊಡುತ್ತದೆ. 'ಚೆಕ್ ಆಲ್' ಗುರುತಿಸಿ ಅದರ ಪಕ್ಕದ ಎಕ್ಸ್‌ಪೋರ್ಟ್ ಒತ್ತಿದರೆ ಆ ಪುಟದಲ್ಲಿ ಕಾಣುವ ಸಾಲುಗಳು, ಸಾಮಾನ್ಯವಾಗಿ 25, ಮಾತ್ರ ಬರುತ್ತವೆ. ನಮಗೆ ಬೇಕಾದದ್ದು ತೀರಾ ಕೆಳಗೆ, 'ಕ್ವೆರಿ ರಿಸಲ್ಟ್ಸ್ ಆಪರೇಷನ್ಸ್' ಚೌಕಟ್ಟಿನಲ್ಲಿರುವ ಎಕ್ಸ್‌ಪೋರ್ಟ್. ಅಲ್ಲಿ ಸಿಎಸ್‌ವಿ (ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಆರಿಸಿ, ಮೊದಲ ಸಾಲಿನಲ್ಲಿ ಕಾಲಂ ಹೆಸರು ಬರುವ ಆಯ್ಕೆಗೆ ಟಿಕ್ ಹಾಕಿ.

ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಕನ್ನಡ ಅಕ್ಷರ ಕಲಸಿಹೋಗಬಹುದು. ಎಕ್ಸೆಲ್‌ನ 'ಡೇಟಾ' ಮೆನುವಿನಿಂದ ಸಿಎಸ್‌ವಿ ತರಿಸಿ, ಅಕ್ಷರಗಳ ಸಂಕೇತ ಪದ್ಧತಿಯಾಗಿ 65001 ಯುಟಿಎಫ್-8 ಆರಿಸಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳಿದ್ದರೆ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿ, ಇಲ್ಲದಿದ್ದರೆ ಸೊನ್ನೆ ಹಾರಿಹೋಗುತ್ತದೆ. 15 ಅಂಕಿಗಿಂತ ಉದ್ದದ ಸಂಖ್ಯೆಗಳಿಗೂ ಇದೇ ಮದ್ದು. ಬಿಟ್ಟರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ.

ಈಗ ಶೀರ್ಷಿಕೆಯ ಸಾಲು ಬಿಟ್ಟು ಉಳಿದವನ್ನು ಎಣಿಸಿ, ಬರೆದಿಟ್ಟ ಸಂಖ್ಯೆಗೆ ತಾಳೆ ನೋಡಿ. ಎಣಿಕೆ ಎಕ್ಸೆಲ್‌ನಲ್ಲೇ ಆಗಲಿ. ನೋಟ್‌ಪ್ಯಾಡ್‌ನಲ್ಲಿ ಎಣಿಸಿದರೆ, ವಿಳಾಸದೊಳಗೆ ಎಂಟರ್ ಒತ್ತಿದ ಕಡೆಯೆಲ್ಲ ಒಂದೊಂದು ಸಾಲು ಹೆಚ್ಚಾಗಿ ಕಾಣುತ್ತದೆ.